ಗುರೆಳ್ಳ ಪುಡಿ

ಬರಕೋರಿ, ಬಾಯಾರ.
ವಾಸ್ಕೋದಾಗ ಮಂಗೋರ ಹಿಲ್, ನೀರಿನ ಟಾಕಿ ಹಿಂದ ನನ್ನ ಖೋಲಿ.
ಹೆಸರು ಯಮನೂರಪ್ಪ. ಪೂರಾ ಬರೀರಿ,
ಅರ್ಧಾ ಬರದ್ರ ಬರೇ ಯಮ ಆಗತೈತಿ.
ಪೊಲೀಸನೂ ಅದಕ್ಕ ತಡದ: ಇದು ಹಿಂದೂನೋ, ಮುಸಲ್ಮಾನನೋ?
ನಮ್ಮವ್ವ ಯಮನೂರ ಗದ್ದಿಗಿಗೆ ಹರಕಿ ಹೊತ್ತಾಗ
ಆ ಮಾತು ಅಲ್ಲಿ ಯಾರೂ ಕೇಳಿರಲಿಲ್ಲಂತ.
ಗೌಂಡಿ ಸಾಹೇಬ್ರ, ಅಂದೆ.

ಚಿಕಾಲಿಂ ತಿರುವು. ಬೆಳಿಗ್ಗೆ ಏಳೂ ಹತ್ತು.
ತಾರೀಖ? ಯಾವದಂತ ಹೇಳಲಿ,
ಈ ತಿಂಗಳದಾಗ ಐದು ಸಲ ನಿಲ್ಲಿಸ್ಯಾರ.
ಗಾಡಿ ಕೆಎ ಇಪ್ಪತ್ತೊಂಬತ್ತು,
ನಂಬರ ಕಂಡಕೂಡ್ಲೆ ಅವರ ಕೈ ತಾನ ಮ್ಯಾಲೇಳತೈತಿ.
ಕಾಗದಾ ಎಲ್ಲಾ ಅದಾವ್ರಿ.
ಗೋವಾ ನಂಬರಿನ ಗಾಡಿ ಮಗ್ಗಲದಾಗ ಹಾದು ಹೊಂಟಿದ್ವು,
ಹೆಲ್ಮೆಟ್ಟಿಲ್ಲದವನೊಬ್ಬ ನನ್ನ ನೋಡಿ ನಕ್ಕೋಂತ ಹ್ವಾದ.
ನಾಕು ಸಲದ್ದು ಬಿಡ್ರಿ, ಅವಕ್ಕ ರೂಢಿ ಆಗೀನಿ.
ಐದನೇದ್ದು ಬರೀರಿ. ಸೋಮವಾರ.

ಚೀಲಾ ಬಿಚ್ಚು ಅನ್ನಲಿಲ್ಲ.
ತಾನ ಹಿಡದು ಡಾಂಬರಿನ ಮ್ಯಾಲ ತಲಿಕೆಳಗ ಮಾಡಿದ.
ತಾಪಿ ಬಿತ್ತು, ರಂಧಾ ಬಿತ್ತು, ಹರಕ ಅಂಗಿ, ರೊಟ್ಟಿ ಗಂಟು.
ಓಳಂಬಿ ಎತ್ತಿ ಹಿಡದು, ಹೆಂ ಕಿತೆಂ? ಅಂದ.
ಗ್ವಾಡಿ ನೆಟ್ಟಗ ಐತೋ ಇಲ್ಲೋ ನೋಡೂ ಹಿತ್ತಾಳಿ ಗುಂಡ್ರಿ,
ನಮ್ಮಪ್ಪಂದು.
ದಾರಾ ಹಿಡದು ತೂಗಬಿಟ್ಟ.
ಬಾಯಾರ, ಒಂದು ಚಣ ಎಲ್ಲಾರೂ ಸುಮ್ಮಾದ್ರು,
ಅವನು, ಅವನ ಜೋಡಿಯವ, ಜೀಪಿನಾಗ ಚಾ ಕುಡಿಯೋ ಸಾಹೇಬ,
ಗುಂಡು ಅತ್ಲಾಗ ಇತ್ಲಾಗ ಆಡಿ ಆಡಿ
ನಿಂದ್ರೂತನಕ ನೋಡಿದ್ರು.
ನಿಂತ ಮ್ಯಾಲ ಒಗದ.

ಆಮ್ಯಾಲ ಪುಡಿ.
ಪ್ಲಾಸ್ಟಿಕ್ಕಿನಾಗ ಕಟ್ಟಿದ್ದು, ಕರೀದು.
ಮೂಸಿದ. ಬೆರಳ ಹಚ್ಚಿದ. ಎರಡನೇದವನ್ನ ಕರದ.
ಅವಂಗ ಕೆಮ್ಮು ಹತ್ತಿತು,
ಬಳ್ಳೊಳ್ಳಿ ಜಾಸ್ತಿ ಹಾಕ್ತಾಳ್ರಿ ನನ್ನ ಹೆಣ್ತಿ.
ಗುರೆಳ್ಳು, ಗುರೆಳ್ಳು ಅಂದೆ.
ಅದಕ್ಕ ಕೊಂಕಣಿ ಬರಂಗಿಲ್ಲ ನನಗ, ಹಿಂದಿನೂ ಬರಂಗಿಲ್ಲ.
ಹದಿನಾಕು ವರ್ಷದಾಗ
ಸಿಮಿಟಿಗೆ, ಕೂಲಿಗೆ, ಮಾಫಿಗೆ ಇಲ್ಲಿ ಏನಂತಾರ ಕಲತೀನಿ,
ಗುರೆಳ್ಳಿಗೆ ಕಲತಿಲ್ಲ.
ರಸ್ತಾದಾಗ ಕುಂತು ರೊಟ್ಟಿ ಮುರದು
ಹಚಗೊಂಡು ತಿಂದು ತೋರಿಸಿದೆ.
ಕಾಲೇಜಿನ ಬಸ್ಸು ಮಗ್ಗಲದಾಗ ನಿಂತಿತ್ತು.
ಉಳಿದದ್ದು ಗಾಳಿಗೆ ಝಾಡಿಸಿ, ಹೋಗು ಅಂದ.

ನೀವು ಏನಂತ ಬರದ್ರಿ ಅಲ್ಲಿ? ಪುಡಿ ಅಂತನಾ?
ಬ್ಯಾಡ್ರಿ. ಬರೇ ಪುಡಿ ಅಂದ್ರ ಮತ್ತ ಹಿಡೀತಾರ.

ಘಾಂಟಿ ಅಂದದ್ದು ಬರೀಬ್ಯಾಡ್ರಿ.
ಅದನ್ನ ಕಿರಾಣಿ ಅಂಗಡಿಯವನೂ ಅಂತಾನ,
ಒಬ್ಬ ಪೊಲೀಸನ ತಲಿಮ್ಯಾಲ ಯಾಕ ಹಾಕೂದು.
ಹೊಡದಿಲ್ಲ. ರೊಕ್ಕಾನೂ ಕೇಳಿಲ್ಲ. ಇದ್ದದ್ದ ಬರೀರಿ.
ಎದಿ ಮ್ಯಾಲಿನ ಹೆಸರು? ಓದಲಿಲ್ರಿ,
ನೆಲಾ ನೋಡತಿದ್ದೆ. ಇರಬಿ ಬಂದಿದ್ವು.

ನುಕಸಾನ ಎಷ್ಟು ಅಂತೀರಿ?
ಅರ್ಧಾ ದಿನದ ಪಗಾರ, ಮುಕಾದಮ ಕಡದ.
ಪುಡಿ ಎರಡು ಹಿಡಿ.
ಸಂಜೀಮುಂದ ಆಕಿ ಕೇಳಿದ್ಲು, ಒಂದ ದಿನಕ್ಕ ಖಾಲಿ ಆತೇನು?
ಮಂದಿ ಮೆಚ್ಚಿ ತಿಂದ್ರು ಅಂದೆ.
ಆಕಿ ಹಿಗ್ಗಿ ಮರುದಿನಾ ಇನ್ನಷ್ಟು ಕಟ್ಟಿದ್ಲು.
ಅದಕ್ಕ ರೇಟು ಹೆಂಗ ಹಾಕತೀರೋ ನೋಡ್ರಿ.

ಏನ ಬೇಕು ಅಂತ ಕೆಳಗ ಒಂದು ಸಾಲು ಬಿಟ್ಟೀರಲ್ಲ,
ಅಲ್ಲಿ ಹಿಂಗ ಬರೀರಿ:
ನಿಲ್ಲಸರಿ, ನಿಂದರತೀನಿ.
ಚೀಲದ ಗಂಟು ಮಾತ್ರ ನಾನ ಬಿಚ್ಚತೀನಿ.

ಠಸ್ಸಿ ಹೊಡಿಸಿದ್ದು ಒಂದು ಪ್ರತಿ ನನಗ ಕೊಡ್ರಿ,
ರೊಟ್ಟಿ ಗಂಟಿನ ಮ್ಯಾಲ ಇಟಗೋತೀನಿ.
ನಾಳೆ ಬೆಳಿಗ್ಗೆ ಅದ ದಾರಿ ಐತಿ.
ಹುಡುಕವ್ರಿಗೆ ಒಂದಿನಾ
ಏನಾರ ಸಿಗಬೇಕಲ್ರೀ.